ಐವತ್ತು ಪರ್ಸೆಂಟಿನ ಗೆರೆ, ಮುನ್ನೂರು ಜನರ ಗೆರೆ: ಕಾರ್ಮಿಕ ಸಂಹಿತೆಗಳ ಒಳಲೆಕ್ಕ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗಿನಿಂದ ಸಂಬಳದಾರರು ಕೇಳುತ್ತಿರುವುದು ಒಂದೇ ಪ್ರಶ್ನೆ: ಕೈಗೆ ಬರುವ ದುಡ್ಡು ಕಡಿಮೆಯಾಗುತ್ತದೆಯೇ? ಕೆಲವರಿಗೆ ಆಗುತ್ತದೆ, ಬಹಳ ಜನರಿಗೆ ಆಗುವುದಿಲ್ಲ. ಸಂಬಳದ ಚೀಟಿಯನ್ನೇ ಕಾಣದೆ ದುಡಿಯುವ ದೊಡ್ಡ ಗುಂಪಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಯಾರು ಯಾವ ಗುಂಪಿಗೆ ಸೇರುತ್ತಾರೆ ಎಂಬುದನ್ನು ತೀರ್ಮಾನಿಸುವುದು ಭಾಷಣಗಳಲ್ಲಿ ಕೇಳಿಬರುವ ‘ಸುಧಾರಣೆ’, ‘ಹಕ್ಕು’ಗಳಂಥ ಮಾತುಗಳಲ್ಲ, ಕಲಮುಗಳ ನಡುವೆ ಕುಳಿತಿರುವ ಕೆಲವು ಸಂಖ್ಯೆಗಳು: ಶೇ 50, 300, 50, 20, 10. ಕಾರ್ಮಿಕ ಕಾನೂನನ್ನು ಓದುವವರು ಮೊದಲು ಹುಡುಕಬೇಕಾದದ್ದು ಇವನ್ನೇ.

29 ಕೇಂದ್ರ ಕಾಯ್ದೆಗಳ ಜಾಗದಲ್ಲಿ ಈಗ ನಾಲ್ಕಿವೆ. ವೇತನ ಸಂಹಿತೆ 2019ರದು. ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ, ಕೆಲಸದ ಸ್ಥಳದ ಸುರಕ್ಷತೆ ಹಾಗೂ ಆರೋಗ್ಯದ ಸಂಹಿತೆ, ಈ ಮೂರೂ 2020ರವು. ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಕೇಂದ್ರದ ಜೊತೆಗೆ ರಾಜ್ಯಗಳೂ ನಿಯಮಗಳನ್ನು ಮಾಡಬೇಕು. ಸಂಸತ್ತಿನಲ್ಲಿ ಅಂಗೀಕಾರವಾದ ಮೇಲೂ ಜಾರಿಗೆ ಐದಾರು ವರ್ಷ ಹಿಡಿಯಲು ಇದೊಂದು ದೊಡ್ಡ ಕಾರಣ.

‘ವೇತನ’ ಎಂದರೆ ಯಾವುದು

ಹಳೆಯ ವ್ಯವಸ್ಥೆಯಲ್ಲಿ ಪಿಎಫ್‌ಗೆ (ಭವಿಷ್ಯನಿಧಿ) ಒಂದು ವ್ಯಾಖ್ಯೆ, ಇಎಸ್‌ಐಗೆ (ಕಾರ್ಮಿಕರ ಆರೋಗ್ಯ ವಿಮೆ) ಇನ್ನೊಂದು, ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಇಡುಗಂಟು) ಮತ್ತೊಂದು ಇತ್ತು. ಹೀಗಾಗಿ ಸಂಬಳವನ್ನು ಚೂರು ಮಾಡುವುದೇ ಒಂದು ಕಸುಬಾಗಿತ್ತು. ಬೇಸಿಕ್ (ಮೂಲ ವೇತನ) ಸಣ್ಣದಾಗಿಟ್ಟು ಉಳಿದದ್ದನ್ನು ಮನೆ ಬಾಡಿಗೆ, ಪ್ರಯಾಣ, ವಿಶೇಷ ಭತ್ಯೆ ಎಂದು ಹಂಚಿದರೆ ಪಿಎಫ್ ವಂತಿಗೆಯೂ ಗ್ರಾಚ್ಯುಟಿಯೂ ಕುಗ್ಗುತ್ತಿದ್ದವು. ಈಗ ನಾಲ್ಕೂ ಸಂಹಿತೆಗಳಿಗೆ ಹೆಚ್ಚುಕಡಿಮೆ ಒಂದೇ ವ್ಯಾಖ್ಯೆ. ಸಿಗುವ ಎಲ್ಲ ಪ್ರತಿಫಲವೂ ವೇತನ. ಆದರೆ ಬೋನಸ್, ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಮಾಲೀಕನ ಪಿಎಫ್ ಪಾಲು, ಕೆಲಸದ ನಿಮಿತ್ತ ಆಗುವ ವಿಶೇಷ ಖರ್ಚು, ಓಟಿ (ಹೆಚ್ಚುವರಿ ಗಂಟೆಗಳ ಕೂಲಿ), ಕಮಿಷನ್ ಮುಂತಾದವು ಹೊರಗೆ. ಈ ಹೊರಗಿಟ್ಟ ಬಾಬತ್ತುಗಳ ಮೊತ್ತ ಒಟ್ಟು ಪ್ರತಿಫಲದ ಅರ್ಧವನ್ನು ದಾಟಿದರೆ, ದಾಟಿದಷ್ಟನ್ನು ಮರಳಿ ವೇತನಕ್ಕೆ ಸೇರಿಸಿ ಲೆಕ್ಕ ಹಾಕಬೇಕು. ಗ್ರಾಚ್ಯುಟಿ ಮತ್ತು ಕೆಲಸದಿಂದ ತೆಗೆದಾಗ ಕೊಡುವ ಪರಿಹಾರವೂ ವೇತನದ ಹೊರಗೇ ಇವೆ, ಆದರೆ ಅರ್ಧದ ಈ ಪರೀಕ್ಷೆಗೆ ಅವುಗಳನ್ನು ಎಣಿಸುವುದಿಲ್ಲ.

‘ಬೇಸಿಕ್ ಅರ್ಧಕ್ಕೆ ಏರಿಸಲೇಬೇಕು’ ಎಂದು ಹಬ್ಬಿರುವ ಮಾತು ಅಷ್ಟು ಸರಿಯಲ್ಲ. ಚೀಟಿಯಲ್ಲಿ ಬೇಸಿಕ್ ಎಷ್ಟಾದರೂ ಇರಲಿ, ಲೆಕ್ಕಕ್ಕೆ ಹಿಡಿಯುವ ಮೊತ್ತ ಅರ್ಧಕ್ಕಿಂತ ಕೆಳಗೆ ಇಳಿಯುವಂತಿಲ್ಲ, ಅಷ್ಟೇ. ‘ವಿಶೇಷ ಭತ್ಯೆ’ ಎಂಬ ಹೆಸರು ಹೊರಗಿಡುವ ಪಟ್ಟಿಯಲ್ಲಿಯೇ ಇಲ್ಲ. ಎಲ್ಲರಿಗೂ ಸಾರಾಸಗಟಾಗಿ ಕೊಡುವ ಭತ್ಯೆಯನ್ನು ಬೇಸಿಕ್‌ನಿಂದ ಬೇರೆ ಮಾಡಿ ಪಿಎಫ್ ತಪ್ಪಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲೇ ಹೇಳಿತ್ತು. ಆ ತೀರ್ಪನ್ನು ಗಂಭೀರವಾಗಿ ತೆಗೆದುಕೊಂಡಿದ್ದ ಸಂಸ್ಥೆಗಳಿಗೆ ಈಗಿನ ಬದಲಾವಣೆ ಅಷ್ಟೇನೂ ಹೊಸದಲ್ಲ.

ಅಂಕಿಯಲ್ಲಿ ನೋಡೋಣ. ಮಾಲೀಕನ ಪಿಎಫ್ ಪಾಲೂ ಸೇರಿ ತಿಂಗಳಿಗೆ 30,000 ರೂಪಾಯಿ ಪ್ರತಿಫಲ ಎಂದುಕೊಳ್ಳಿ. ಅದರಲ್ಲಿ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) 10,000, ಹೊರಗಿಟ್ಟ ಬಾಬತ್ತುಗಳು 20,000. ಅರ್ಧ ಎಂದರೆ 15,000. ಹೊರಗಿಟ್ಟದ್ದು ಅದನ್ನು 5,000ದಷ್ಟು ಮೀರಿದೆ. ಆ 5,000 ವೇತನಕ್ಕೆ ಸೇರಿ ವೇತನ 15,000 ಆಗುತ್ತದೆ. ಶೇ 12ರ ಲೆಕ್ಕದಲ್ಲಿ ನೌಕರನ ಪಿಎಫ್ 1,200ರಿಂದ 1,800ಕ್ಕೆ ಏರುತ್ತದೆ, ಮಾಲೀಕನ ಪಾಲೂ ಅಷ್ಟೇ ಏರುತ್ತದೆ. ಒಪ್ಪಂದ ಸಿಟಿಸಿ (ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಲೆಕ್ಕದಲ್ಲಿದ್ದರೆ ಆ ಎರಡನೆಯ 600 ಕೂಡ ನೌಕರನ ಮೊತ್ತದೊಳಗಿಂದಲೇ ಹೋಗುತ್ತದೆ. ಮಾಲೀಕನ ಪಾಲನ್ನು ಕಟ್ಟಬೇಕೆಂಬ ಕಾರಣಕ್ಕೆ ಸಂಬಳ ಕಡಿಯುವಂತಿಲ್ಲ ಎಂಬ ನಿಯಮ ಪಿಎಫ್ ಕಾನೂನಿನಲ್ಲಿದ್ದರೂ, ಸಿಟಿಸಿಯೊಳಗೆ ಅದು ಮೊದಲೇ ಸೇರಿಕೊಂಡಿರುವುದರಿಂದ ವ್ಯವಹಾರದಲ್ಲಿ ಕೈಗೆ ಬರುವ ಹಣ 1,200 ರೂಪಾಯಿ ಕಡಿಮೆಯಾಗುತ್ತದೆ. ಪಿಎಫ್ ಖಾತೆಯಲ್ಲಿ ಅಷ್ಟೇ ಹೆಚ್ಚುತ್ತದೆ, ಅದರಲ್ಲಿ ಒಂದು ಭಾಗ ಪಿಂಚಣಿ ಯೋಜನೆಗೆ.

ತಿಂಗಳಿಗೆ ಲಕ್ಷ ರೂಪಾಯಿ ಎಣಿಸುವವರ ಕಥೆ ಬೇರೆ. ಪಿಎಫ್ ಕಡ್ಡಾಯವಾಗಿರುವುದು 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ 15,000 ರೂಪಾಯಿ ಮಿತಿಯವರೆಗೆ ಮಾತ್ರ. ಬೇಸಿಕ್ ಆಗಲೇ ಆ ಮಿತಿ ದಾಟಿದ್ದು ವಂತಿಗೆ 1,800ಕ್ಕೆ ನಿಂತಿದ್ದರೆ, ವೇತನದ ವ್ಯಾಖ್ಯೆ ಹಿಗ್ಗಿದರೂ ಕಡಿತ ಹಿಗ್ಗಬೇಕಿಲ್ಲ. ಕೇಂದ್ರ ಕಾರ್ಮಿಕ ಸಚಿವಾಲಯ 2025ರ ಡಿಸೆಂಬರ್‌ನಲ್ಲಿ ಕೊಟ್ಟ ಸ್ಪಷ್ಟನೆಯೂ ಇದೇ. ಮಿತಿಯ ಗೊಡವೆಯಿಲ್ಲದೆ ಪೂರ್ತಿ ಬೇಸಿಕ್ ಮೇಲೆ ಶೇ 12 ಕಟ್ಟುವ ಸಂಸ್ಥೆಗಳಲ್ಲಿ ಮಾತ್ರ ಸಂಬಳದ ರಚನೆ ಬದಲಾದರೆ ಕಡಿತವೂ ಬದಲಾದೀತು. ಹಾಗಾಗಿ ಹೊಡೆತವೋ ಲಾಭವೋ, ಏನೇ ಅಂದರೂ ಅದು ಹೆಚ್ಚಾಗಿ ತಟ್ಟುವುದು 15,000ಕ್ಕಿಂತ ಕಡಿಮೆ ಬೇಸಿಕ್ ಇಟ್ಟುಕೊಂಡು ಭತ್ಯೆಗಳಲ್ಲಿ ಸಂಬಳ ಪಡೆಯುವ ಕೆಳಮಧ್ಯಮ ಸಂಬಳದವರಿಗೆ. ಕನಿಷ್ಠ ವೇತನದ ಗೆರೆಯಲ್ಲೇ ಇರುವ ಗಾರ್ಮೆಂಟ್ಸ್ ಕಾರ್ಮಿಕರಿಗೆ ಸಂಬಳದ ಬಹುಪಾಲು ಬೇಸಿಕ್ ಮತ್ತು ಡಿಎ ಆಗಿರುವುದರಿಂದ ಅವರ ಚೀಟಿಯಲ್ಲಿ ಅಂಥ ಬದಲಾವಣೆ ಕಾಣುವುದಿಲ್ಲ.

ಇಂದಿನ ಸಂಬಳದಲ್ಲಿ ಒಂದು ಪಾಲನ್ನು ನಾಳೆಗೆ ಎತ್ತಿಡುವುದು ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ತಿಂಗಳ ಕೊನೆಗೆ ಸಾಲ ಮಾಡದೆ ದಾಟುವವರಿಗೆ ಒಳ್ಳೆಯದೇ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಆದದ್ದನ್ನು ನೆನೆದರೆ ಇನ್ನೊಂದು ಮಗ್ಗುಲು ಕಾಣುತ್ತದೆ. ಪಿಎಫ್‌ನಲ್ಲಿ ಮಾಲೀಕನ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ನಿಯಮ ಮಾಡಿದಾಗ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗಿಳಿದರು. ಎರಡೇ ದಿನದಲ್ಲಿ ನಿಯಮ ವಾಪಸಾಯಿತು. ಅವರ ಪಾಲಿಗೆ ಪಿಎಫ್ ಎಂದರೆ ಮುಪ್ಪಿನ ಪಿಂಚಣಿಯಲ್ಲ, ಒಂದು ಫ್ಯಾಕ್ಟರಿ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ಮಗಳ ಫೀಸು ಕಟ್ಟಲು, ಕೈಸಾಲ ತೀರಿಸಲು ಸಿಗುವ ಇಡುಗಂಟು. ನೀತಿ ರೂಪಿಸುವವರ ‘ದೀರ್ಘಾವಧಿ ಉಳಿತಾಯ’ವನ್ನು ಕಾರ್ಮಿಕರು ಕಟ್ಟಿಹಾಕಿದ ಸಂಬಳ ಎಂದೇ ಕಂಡರು. ವಂತಿಗೆ ಹೆಚ್ಚಿಸುವ ಯಾವುದೇ ನಿಯಮವನ್ನು ಹಣ ತೆಗೆಯುವ ನಿಯಮದ ಜೊತೆಗೇ ತೂಗಬೇಕಾದದ್ದು ಇದಕ್ಕೆ.

ಗ್ರಾಚ್ಯುಟಿಯಲ್ಲಿ ಮಾತ್ರ ಲಾಭ ಯಾವ ಗೊಂದಲವೂ ಇಲ್ಲದೆ ಕಾಣುತ್ತದೆ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು ಇದರ ಸೂತ್ರ. ಮೇಲಿನ ಉದಾಹರಣೆಯವರು ಹತ್ತು ವರ್ಷ ದುಡಿದು ಬಿಟ್ಟರೆ 10,000ದ ಲೆಕ್ಕದಲ್ಲಿ 57,692 ರೂಪಾಯಿ ಬರುತ್ತಿತ್ತು, 15,000ದ ಲೆಕ್ಕದಲ್ಲಿ 86,538 ಬರುತ್ತದೆ. ಹೊಸ ವ್ಯಾಖ್ಯೆ ಹಿಂದಿನ ಸೇವಾವಧಿಗೂ ತಾಗುವುದರಿಂದ ಕಂಪನಿಗಳು ಹಳೆಯ ವರ್ಷಗಳ ಬಾಕಿಯನ್ನು ಒಮ್ಮೆಗೇ ಪುಸ್ತಕಕ್ಕೆ ಬರೆಯಬೇಕಾಯಿತು. 2025ರ ಡಿಸೆಂಬರ್ ತ್ರೈಮಾಸಿಕದಲ್ಲಿ ಟಿಸಿಎಸ್ ಇದಕ್ಕೂ ರಜೆಯ ಬಾಕಿಗೂ ಸೇರಿ 2,128 ಕೋಟಿ ರೂಪಾಯಿ, ಇನ್ಫೊಸಿಸ್ 1,289 ಕೋಟಿ ರೂಪಾಯಿ ತೆಗೆದಿಟ್ಟವು. ಒಂದು ವ್ಯಾಖ್ಯೆಯ ತೂಕ ಎಷ್ಟು ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಗಲಾರದು.

ಇದೇ ವ್ಯಾಖ್ಯೆ ಓಟಿಯಲ್ಲಿ ತಿರುಗಿಬೀಳಬಹುದು ಎಂಬುದನ್ನು ಅಷ್ಟಾಗಿ ಯಾರೂ ಗಮನಿಸುತ್ತಿಲ್ಲ. ಹಳೆಯ ಕಾರ್ಖಾನೆ ಕಾಯ್ದೆಯ 59ನೇ ಕಲಮು ಓಟಿಗೆ ಬೇಸಿಕ್ ಜೊತೆ ಭತ್ಯೆಗಳನ್ನೂ ಸೇರಿಸಿ ಎರಡರಷ್ಟು ಕೊಡಬೇಕು ಎನ್ನುತ್ತಿತ್ತು. ಹೊಸದರಲ್ಲಿ ಎರಡರಷ್ಟು ಉಳಿದಿದೆ, ಯಾವುದರ ಎರಡರಷ್ಟು ಎಂಬುದು ಬದಲಾಗಿದೆ. 24,000 ರೂಪಾಯಿ ಸಂಬಳದಲ್ಲಿ ಬೇಸಿಕ್ 12,000, ಮನೆ ಬಾಡಿಗೆ 6,000, ಪ್ರಯಾಣ 3,000, ಇತರ ಭತ್ಯೆ 3,000 ಇದೆ ಎನ್ನಿ. ಎಲ್ಲ ಸೇರಿಸಿ 26 ದಿನ, 8 ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 115 ರೂಪಾಯಿ, ಓಟಿಗೆ 230. ಬಾಡಿಗೆ, ಪ್ರಯಾಣ ಕಳೆದರೆ ವೇತನ 15,000. ಹೊರಗಿಟ್ಟದ್ದು 9,000 ಮಾತ್ರವಾದ್ದರಿಂದ ಅರ್ಧದ ಗೆರೆ ನೆರವಿಗೆ ಬರುವುದಿಲ್ಲ. ಗಂಟೆಗೆ 72, ಓಟಿಗೆ 144. ವೇತನ ಪಾವತಿಯ ಉದ್ದೇಶಕ್ಕೆ ಬಾಡಿಗೆ ಮತ್ತು ಪ್ರಯಾಣ ಭತ್ಯೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬ ಉಪವಾಕ್ಯವೊಂದು ಅದೇ ವ್ಯಾಖ್ಯೆಯಲ್ಲಿದೆ. ಓಟಿಯೂ ವೇತನ ಪಾವತಿಯೇ ಎಂದು ಸಂಘಗಳು ವಾದಿಸಲು ಅಲ್ಲಿ ಜಾಗವಿದೆ. ಕರ್ನಾಟಕ 2023ರಲ್ಲೇ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯ ಪಾಳಿಗೆ ದಾರಿ ಮಾಡಿಕೊಟ್ಟಿತ್ತು. ದಿನದ ಪಾಳಿ ಉದ್ದವಾದಷ್ಟೂ ಎಷ್ಟನೇ ಗಂಟೆಯಿಂದ ಓಟಿ ಶುರು, ಅದು ಯಾವ ಮೊತ್ತದ ಮೇಲೆ ಎಂಬ ಜಗಳ ಹೆಚ್ಚುತ್ತದೆ.

ಇಎಸ್‌ಐನಲ್ಲಿ ಇನ್ನೊಂದು ತಿರುವಿದೆ. 21,000 ರೂಪಾಯಿ ಮಿತಿಯನ್ನು ಹಿಂದೆ ಮನೆ ಬಾಡಿಗೆ ಭತ್ಯೆಯನ್ನೂ ಸೇರಿಸಿ ನೋಡುತ್ತಿದ್ದರು. ಹೊಸ ವ್ಯಾಖ್ಯೆಯನ್ನು ಅಕ್ಷರಶಃ ಅನ್ವಯಿಸಿದರೆ 36,000 ಪಡೆಯುವವರ ‘ವೇತನ’ 18,000 ಇರಬಹುದು, ಅಂದರೆ ಅವರು ಇಎಸ್‌ಐ ಒಳಗೆ ಬರುತ್ತಾರೆ. ನೌಕರನಿಂದ ಶೇ 0.75 ಎಂದರೆ 135 ರೂಪಾಯಿ, ಮಾಲೀಕನಿಂದ ಶೇ 3.25 ಎಂದರೆ 585. ಖಾಸಗಿ ಆರೋಗ್ಯ ವಿಮೆ ಇರುವವರಿಗೆ ಇದು ಬೇಡದ ಕಡಿತ, ಇಲ್ಲದವರಿಗೆ ಇಡೀ ಮನೆಯ ಚಿಕಿತ್ಸೆ.

ಗೆರೆಯ ಈಚೆಗೆ, ಆಚೆಗೆ

ವ್ಯಾಖ್ಯೆಯಾದ ಮೇಲೆ ತಲೆಎಣಿಕೆ. ಹಿಂದೆ ನೂರು ಅಥವಾ ಹೆಚ್ಚು ಜನರಿರುವ ಕಾರ್ಖಾನೆ, ಗಣಿ, ತೋಟಗಳಲ್ಲಿ ಕಾರ್ಮಿಕರನ್ನು ತೆಗೆಯಲು ಅಥವಾ ಘಟಕ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕಿತ್ತು. ಕೈಗಾರಿಕಾ ಸಂಬಂಧಗಳ ಸಂಹಿತೆ ಇದನ್ನು 300ಕ್ಕೆ ಏರಿಸಿತು. ರಾಜಸ್ಥಾನ 2014ರಲ್ಲೇ ಈ ದಾರಿ ಹಿಡಿದಿತ್ತು. ಅಧಿಸೂಚನೆ ಹೊರಡಿಸಿ ಈ ಸಂಖ್ಯೆಯನ್ನು ಇನ್ನೂ ಮೇಲಕ್ಕೆ ಒಯ್ಯುವ ಅಧಿಕಾರವನ್ನೂ ಸಂಹಿತೆಯೇ ಸರ್ಕಾರಕ್ಕೆ ಕೊಟ್ಟಿದೆ. ಶಾಸನಸಭೆಯಲ್ಲಿ ಚರ್ಚೆಯಾಗಬೇಕಿಲ್ಲ. ನನ್ನ ದೃಷ್ಟಿಯಲ್ಲಿ 300 ಎಂಬ ಅಂಕಿಗಿಂತ ಈ ಅಧಿಕಾರವೇ ಹೆಚ್ಚು ತೂಕದ್ದು.

ಹಳೆಯ ನೂರರ ಗೆರೆಯನ್ನು ಉದ್ಯಮಿಗಳು ಬೈಯುತ್ತಿದ್ದುದಕ್ಕೆ ಕಾರಣವಿತ್ತು. ಅನುಮತಿ ಸಿಗುವುದು ರಾಜಕೀಯವಾಗಿ ಕಷ್ಟವಾದ್ದರಿಂದ ನೂರನೆಯ ಕಾಯಂ ಕಾರ್ಮಿಕನ ನೇಮಕ ಎಂದರೆ ಇಳಿಯಲಾಗದ ಮೆಟ್ಟಿಲು ಹತ್ತಿದಂತೆ ಎಂದು ಅವರ ವಾದ. ಆದರೆ ಅವರು ಮೆಟ್ಟಿಲು ಹತ್ತದೆ ಸುಮ್ಮನೆ ಕುಳಿತಿರಲಿಲ್ಲ. ಪಕ್ಕದಲ್ಲೇ ಗುತ್ತಿಗೆಯ ದಾರಿ ಇತ್ತು. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯ ಪ್ರಕಾರ ನೋಂದಾಯಿತ ಕಾರ್ಖಾನೆಗಳ ಕಾರ್ಮಿಕರಲ್ಲಿ ಈಗ ಹತ್ತರಲ್ಲಿ ನಾಲ್ವರು ಗುತ್ತಿಗೆದಾರರ ಮೂಲಕ ಬಂದವರು. ತೆಗೆಯುವುದು ಕಷ್ಟ ಎಂಬ ಕಾನೂನು ಇದ್ದಾಗಲೇ ತೆಗೆಯುವುದು ಸುಲಭವಾದ ಕೆಲಸಗಳು ಬೆಳೆದವು. ಗೆರೆ 300ಕ್ಕೆ ಹೋದರೆ ಗುತ್ತಿಗೆಯವರು ಕಾಯಂ ಆಗುತ್ತಾರೆ ಎಂಬ ನಿರೀಕ್ಷೆ ನಿಲ್ಲುವುದು ಒಂದು ಊಹೆಯ ಮೇಲೆ: ಮಾಲೀಕರು ಗುತ್ತಿಗೆಯನ್ನು ಹಿಡಿದದ್ದು ತೆಗೆಯುವ ಸಲೀಸಿಗಾಗಿ ಮಾತ್ರ ಎಂಬುದು. ಅಗ್ಗದ ಸಂಬಳ, ಸಂಘದ ಕಾಟ ತಪ್ಪುವುದು, ಅಪಘಾತವಾದಾಗ ಜವಾಬ್ದಾರಿ ಜಾರಿಸುವುದು ಕೂಡ ಕಾರಣಗಳಾಗಿದ್ದರೆ ಗೆರೆ ಸರಿದರೂ ಗುತ್ತಿಗೆ ಸರಿಯುವುದಿಲ್ಲ.

ಗುತ್ತಿಗೆ ನಿಯಮದ ಗೆರೆಯೂ ಅದೇ ವೇಳೆಗೆ 20ರಿಂದ 50ಕ್ಕೆ ಹೋಗಿದೆ. 49 ಜನರನ್ನು ಕಳಿಸುವ ಗುತ್ತಿಗೆದಾರನಿಗೆ ಪರವಾನಗಿ ಬೇಡ. ಮುಖ್ಯ ಚಟುವಟಿಕೆಯಲ್ಲಿ ಗುತ್ತಿಗೆ ನಿಷಿದ್ಧ ಎಂಬ ವಾಕ್ಯ ಕಿವಿಗೆ ಇಂಪಾಗಿದೆ. ಕೆಳಗಿನ ವಿನಾಯಿತಿಗಳನ್ನು ಓದಬೇಕು: ಆ ಕೆಲಸ ವಾಡಿಕೆಯಾಗಿ ಗುತ್ತಿಗೆಯಿಂದಲೇ ನಡೆಯುತ್ತಿದ್ದರೆ, ದಿನದ ಬಹುಪಾಲು ಹೊತ್ತಿನ ಕೆಲಸವಲ್ಲದಿದ್ದರೆ, ಕೆಲಸದ ಒತ್ತಡ ದಿಢೀರನೆ ಏರಿದರೆ ನಿಷೇಧವಿಲ್ಲ. ಸ್ವಚ್ಛತೆ, ಕಾವಲು, ಕ್ಯಾಂಟೀನು, ಲೋಡಿಂಗು ಮುಂತಾದವು ಸಾಮಾನ್ಯವಾಗಿ ಮುಖ್ಯ ಚಟುವಟಿಕೆಗಳೇ ಅಲ್ಲ ಎಂದು ಪಟ್ಟಿ ಮಾಡಲಾಗಿದೆ. ವರ್ಷದ 365 ದಿನವೂ ನಡೆಯುವ ಕೆಲಸಗಳು ಇವೇ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ, ಕೆಲಸ ಶಾಶ್ವತ ಸ್ವರೂಪದ್ದೇ ಎಂದು ಪರಿಶೀಲಿಸಿ ಗುತ್ತಿಗೆಯನ್ನು ನಿಷೇಧಿಸಬಹುದಿತ್ತು. ಈಗ ಅದು ಸಂಸ್ಥೆಯ ಮುಖ್ಯ ಉದ್ದೇಶಕ್ಕೆ ಸೇರಿದ್ದೇ ಎಂಬುದನ್ನು ನೋಡಲಾಗುತ್ತದೆ. ಅಳತೆಗೋಲು ಬದಲಾದ ಕೂಡಲೇ ಕಸ ಗುಡಿಸುವವರು ಅದರ ಹೊರಗೆ ಬಿದ್ದರು.

ಕಾಯಂ ಮತ್ತು ಗುತ್ತಿಗೆಯ ನಡುವೆ ಮೂರನೆಯ ದಾರಿಯಾಗಿ ನಿಶ್ಚಿತ ಅವಧಿಯ ನೌಕರಿ ಬಂದಿದೆ. 2016ರಲ್ಲಿ ಸಿದ್ಧಉಡುಪು ಉದ್ಯಮಕ್ಕೆ, 2018ರಲ್ಲಿ ಎಲ್ಲ ವಲಯಗಳಿಗೆ ಕೇಂದ್ರ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು, ಈಗ ಸಂಹಿತೆಯಲ್ಲೇ ಸೇರಿದೆ. ನೇಮಕ ನೇರ ಮಾಲೀಕನಿಂದ, ಸಂಬಳ ಮತ್ತು ಸೌಲಭ್ಯ ಅದೇ ಕೆಲಸದ ಕಾಯಂ ನೌಕರನಿಗೆ ಸಮ. ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಿಲ್ಲ, ಸರ್ಕಾರದ ವಿವರಣೆಯ ಪ್ರಕಾರ ಒಂದು ವರ್ಷ ಸಾಕು. ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದವನಿಗೆ ಇದು ನಿಜಕ್ಕೂ ಮೇಲು. ಕಾಯಂ ಹುದ್ದೆಗೆ ಸೇರಬಹುದಾಗಿದ್ದವನಿಗೆ ಇದು ಇಳಿಜಾರು. ಅವಧಿ ಮುಗಿದು ಮನೆಗೆ ಹೋದರೆ ಅದನ್ನು ‘ಕೆಲಸದಿಂದ ತೆಗೆದದ್ದು’ ಎಂದು ಕಾನೂನು ಎಣಿಸುವುದಿಲ್ಲ. ಆದ್ದರಿಂದ ಪ್ರತಿ ವರ್ಷದ ಸೇವೆಗೆ 15 ದಿನದ ಪರಿಹಾರವಿಲ್ಲ. ಕೆಲಸ ಕಳೆದುಕೊಂಡವರ ಮರುತರಬೇತಿಗೆಂದು ಮಾಲೀಕ ಕಟ್ಟಬೇಕಾದ, 45 ದಿನದೊಳಗೆ ಕಾರ್ಮಿಕನ ಖಾತೆಗೆ ಬರಬೇಕಾದ 15 ದಿನದ ವೇತನವೂ ಇಲ್ಲ. ಒಪ್ಪಂದವನ್ನು ಎಷ್ಟು ಸಲ ನವೀಕರಿಸಬಹುದು ಎಂಬುದಕ್ಕೆ ಸಂಹಿತೆಯಲ್ಲಿ ಮಿತಿಯಿಲ್ಲ. ನಮ್ಮಲ್ಲಿ ಬೇರೂರಿರುವ ಹನ್ನೊಂದು ತಿಂಗಳ ಒಪ್ಪಂದದ ಚಾಳಿ ಇಲ್ಲೂ ಬಂದರೆ ಒಂದು ವರ್ಷದ ಗ್ರಾಚ್ಯುಟಿ ಗೆರೆ ದಾಟುವುದೇ ಇಲ್ಲ. ನೇಮಕ ಪತ್ರ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಸಂಬಳವಲ್ಲ, ಶುರುವಿನ ದಿನಾಂಕ ಮತ್ತು ಮುಗಿಯುವ ದಿನಾಂಕ.

ನೇಮಕ ಪತ್ರದ ವಿಷಯ ಬಂತು. ‘ಇನ್ನು ಎಲ್ಲರಿಗೂ ನೇಮಕ ಪತ್ರ’ ಎಂಬುದು ಸಂಹಿತೆಗಳ ಬಗ್ಗೆ ಅತಿ ಹೆಚ್ಚು ಪ್ರಚಾರವಾದ ವಾಕ್ಯ. ಆ ಕಲಮು ಇರುವುದು ಕೆಲಸದ ಸ್ಥಳದ ಸುರಕ್ಷತಾ ಸಂಹಿತೆಯಲ್ಲಿ, ಆ ಸಂಹಿತೆ ಸಾಮಾನ್ಯವಾಗಿ ತಾಗುವುದು 10 ಅಥವಾ ಹೆಚ್ಚು ಜನರಿರುವ ಸ್ಥಳಗಳಿಗೆ. ದೇಶದ ಬಹುಪಾಲು ಅಂಗಡಿ, ಗ್ಯಾರೇಜು, ದರ್ಶಿನಿಗಳಲ್ಲಿ ಅಷ್ಟು ಜನರೇ ಇಲ್ಲ. ಕಾರ್ಖಾನೆ ಎನಿಸಿಕೊಳ್ಳುವ ಗೆರೆಯೂ ವಿದ್ಯುತ್ ಬಳಸುವಲ್ಲಿ 10ರಿಂದ 20ಕ್ಕೆ, ಬಳಸದಲ್ಲಿ 20ರಿಂದ 40ಕ್ಕೆ ಏರಿದೆ. ಪೀಣ್ಯದಂಥ ಕಡೆ ಹದಿನೈದು ಜನರಿರುವ ಲೇತ್ ಯಂತ್ರದ ಶೆಡ್ಡು ಇನ್ನು ಕಾನೂನಿನ ಕಣ್ಣಿಗೆ ಕಾರ್ಖಾನೆಯಲ್ಲ. ನಿಯಮಿತ ಸಂಬಳದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಬಳಿ ಲಿಖಿತ ಒಪ್ಪಂದವೇ ಇಲ್ಲ ಎಂದು ಕೇಂದ್ರದ ಶ್ರಮಬಲ ಸಮೀಕ್ಷೆಗಳೇ ವರ್ಷ ವರ್ಷ ಹೇಳುತ್ತಿವೆ. ಅವರಲ್ಲಿ ಎಷ್ಟೋ ಜನ ಈ ಹತ್ತರ ಗೆರೆಯ ಕೆಳಗಿದ್ದಾರೆ.

ಮುಷ್ಕರದ ನಿಯಮ ಬದಲಾದದ್ದನ್ನು ಚಿಕ್ಕದಾಗಿ ಹೇಳಬಹುದು. ಹಿಂದೆ ಸಾರ್ವಜನಿಕ ಉಪಯೋಗಿ ಸೇವೆಗಳಿಗಿದ್ದ 14 ದಿನದ ಮುನ್ಸೂಚನೆ ಈಗ ಎಲ್ಲ ಕೈಗಾರಿಕೆಗಳಿಗೂ ಕಡ್ಡಾಯ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಾಗಿ ಒಂದೇ ದಿನ ರಜೆ ಹಾಕಿದರೆ ಅದೂ ಮುಷ್ಕರ. ಸಂಧಾನದ ಕಲಾಪ ಶುರುವಾದ ಮೇಲೆ ಮುಷ್ಕರ ಮಾಡುವಂತಿಲ್ಲ, ಸೂಚನೆ ಕೊಟ್ಟೊಡನೆ ಸಂಧಾನ ಶುರುವಾಗಬಹುದು. ಹಾಗಾದರೆ ಕಾನೂನುಬದ್ಧ ಮುಷ್ಕರಕ್ಕೆ ಉಳಿಯುವ ಕಿಟಕಿ ಎಷ್ಟು ಅಗಲ ಎಂದು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು.

ಕನಿಷ್ಠ ವೇತನ: ನೆಲ ಎಲ್ಲಿದೆ

1948ರ ಕಾಯ್ದೆ ಪಟ್ಟಿ ಮಾಡಿದ ಉದ್ದಿಮೆಗಳಿಗಷ್ಟೇ ಕನಿಷ್ಠ ವೇತನ ಕೊಟ್ಟಿತ್ತು. ವೇತನ ಸಂಹಿತೆ ಎಲ್ಲ ನೌಕರರಿಗೂ ಅದನ್ನು ವಿಸ್ತರಿಸಿತು. ಕೇಂದ್ರ ನಿಗದಿ ಮಾಡುವ ತಳಮಟ್ಟದ ವೇತನಕ್ಕಿಂತ ಕೆಳಗೆ ಯಾವ ರಾಜ್ಯವೂ ಹೋಗುವಂತಿಲ್ಲ, ಈಗಾಗಲೇ ಮೇಲಿದ್ದರೆ ಇಳಿಸುವಂತಿಲ್ಲ. ಇಷ್ಟು ದಿನ ಕಡ್ಡಾಯವಲ್ಲದ ಸೂಚನೆಯಾಗಿದ್ದ ರಾಷ್ಟ್ರೀಯ ತಳಮಟ್ಟ 2017ರಲ್ಲಿ ದಿನಕ್ಕೆ 176 ರೂಪಾಯಿ, 2019ರಲ್ಲಿ 178. ಎರಡು ವರ್ಷಕ್ಕೆ ಎರಡು ರೂಪಾಯಿ! ಅದೇ 2019ರಲ್ಲಿ ಅನೂಪ್ ಸತ್ಪಥಿ ನೇತೃತ್ವದ ತಜ್ಞ ಸಮಿತಿ 375 ರೂಪಾಯಿ ಇರಬೇಕೆಂದಿತ್ತು. ಪೌಷ್ಟಿಕ ಆಹಾರ, ಬಟ್ಟೆ, ಬಾಡಿಗೆ, ಉರುವಲು ಲೆಕ್ಕ ಹಾಕುವ ಪದ್ಧತಿ 1957ರ ಭಾರತೀಯ ಕಾರ್ಮಿಕ ಸಮ್ಮೇಳನದಿಂದ ಇದೆ. ಮಕ್ಕಳ ಓದು, ಔಷಧಿ, ಮದುವೆಯಂಥ ಖರ್ಚಿಗೆ ಇನ್ನೂ ಶೇ 25 ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ಸೂತ್ರದ ಕೊರತೆ ಯಾವತ್ತೂ ಇರಲಿಲ್ಲ.

ಕರ್ನಾಟಕದ ಕನಿಷ್ಠ ವೇತನ 178ಕ್ಕಿಂತ ಬಹಳ ಮೇಲಿದೆ, ಹೀಗಾಗಿ ತಳಮಟ್ಟದಿಂದ ಇಲ್ಲಿಯವರಿಗೆ ನೇರ ಲಾಭವಿಲ್ಲ. ಲಾಭ ಇದ್ದರೆ ಅದು ಸುತ್ತುಬಳಸಿನದು. ಕೂಲಿ ಕಡಿಮೆಯಿರುವ ರಾಜ್ಯಕ್ಕೆ ಫ್ಯಾಕ್ಟರಿ ಹೋಗಿಬಿಡುತ್ತದೆ ಎಂಬ ಬೆದರಿಕೆ ಪ್ರತಿ ವೇತನ ಪರಿಷ್ಕರಣೆಯ ಹೊತ್ತಿಗೂ ಕೇಳಿಬರುತ್ತದೆ. ತಳಮಟ್ಟ ಅರ್ಥಪೂರ್ಣವಾಗಿ ಏರಿದರೆ ಆ ಬೆದರಿಕೆಯ ಹಲ್ಲು ಮೊಂಡಾಗುತ್ತದೆ. ರಾಜ್ಯದೊಳಗೂ ಇದೇ ಆಟವಿದೆ. ನಮ್ಮ ಕನಿಷ್ಠ ವೇತನ ವಲಯಕ್ಕೊಂದು ದರ. ಬೆಂಗಳೂರಿನಿಂದ ಹಾಸನ, ಮಂಡ್ಯಗಳ ಕಡೆಗೆ ಗಾರ್ಮೆಂಟ್ಸ್ ಹೋದದ್ದಕ್ಕೆ ಜಮೀನು, ಸಾರಿಗೆ, ಕೆಲಸಗಾರರ ಕೊರತೆಯ ಜೊತೆಗೆ ಈ ದರ ವ್ಯತ್ಯಾಸವೂ ಸೇರಿದೆ.

ಕನಿಷ್ಠ ವೇತನ ಏರಿಸಿದರೆ ಉದ್ಯೋಗ ಕಡಿಮೆಯಾಗುತ್ತದೆ ಎಂಬ ವಾದ ಎಲ್ಲ ಕಡೆ ಒಂದೇ ರೀತಿ ನಡೆಯುವುದಿಲ್ಲ. ತಾಲ್ಲೂಕಿಗೆ ಒಂದೇ ಫ್ಯಾಕ್ಟರಿ ಇದ್ದು, ಮನೆಯಿಂದ ಬಸ್ಸಿಗೆ ಒಂದು ಗಂಟೆಯೊಳಗೆ ಹೋಗಬಲ್ಲ ಹೆಣ್ಣುಮಗಳಿಗೆ ಬೇರೆ ಸಂಬಳದ ಕೆಲಸವೇ ಇಲ್ಲದಿದ್ದರೆ, ಮಾಲೀಕ ಅವಳ ದುಡಿಮೆಯ ಬೆಲೆಗಿಂತ ಕಡಿಮೆ ಕೊಟ್ಟು ದಕ್ಕಿಸಿಕೊಳ್ಳಬಲ್ಲ. ಅಲ್ಲಿ ಕನಿಷ್ಠ ವೇತನ ಏರಿದರೆ ಅದು ಅವನ ಲಾಭದಿಂದ ಬರುತ್ತದೆ, ಕೆಲಸ ಬಿಡುವವರೂ ಕಡಿಮೆಯಾಗುತ್ತಾರೆ. ಹತ್ತು ಫ್ಯಾಕ್ಟರಿಗಳು ಟೈಲರ್‌ಗಳಿಗಾಗಿ ಪೈಪೋಟಿ ನಡೆಸುವಲ್ಲಿ ಸಂಬಳ ಆಗಲೇ ಗೆರೆಯ ಮೇಲಿರುತ್ತದೆ, ಪರಿಷ್ಕರಣೆಯ ಪರಿಣಾಮ ಅಷ್ಟಕ್ಕಷ್ಟೆ. ನಿಜವಾದ ಅಪಾಯ ಬೇರೆಡೆ ಇದೆ: ತಲೆಗೆ ಇಷ್ಟು ಎಂದು ಸಂಬಳ ಏರಿದಾಗ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಕೂಡ ಏರುತ್ತದೆ. ಆ ಏರಿಕೆಯನ್ನು ಯಾವ ಅಧಿಸೂಚನೆಯೂ ಅಳೆಯುವುದಿಲ್ಲ.

ಆ್ಯಪ್ ಕೆಲಸಗಾರರು: ಯಾವುದರ ಮೇಲೆ ಪರ್ಸೆಂಟು

ನೀತಿ ಆಯೋಗದ 2022ರ ವರದಿ 2020–21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದಾರೆ, 2029–30ಕ್ಕೆ 2.35 ಕೋಟಿ ಆಗುತ್ತಾರೆ ಎಂದು ಅಂದಾಜಿಸಿತ್ತು. ಸಾಮಾಜಿಕ ಭದ್ರತಾ ಸಂಹಿತೆ ಅವರನ್ನು ಹೆಸರಿಸಿದೆ, ಆದರೆ ನೌಕರರೆಂದು ಒಪ್ಪಿಲ್ಲ. ಹೀಗಾಗಿ ಕನಿಷ್ಠ ವೇತನ, ಓಟಿ, ಗ್ರಾಚ್ಯುಟಿ ಯಾವುದೂ ಅವರಿಗಿಲ್ಲ, ಕಂಪನಿಗಳ ವಂತಿಗೆಯಿಂದ ನಡೆಯುವ ನಿಧಿ ಮಾತ್ರ ಇದೆ. ಕೇಂದ್ರದ ಸೂತ್ರ ವಾರ್ಷಿಕ ವಹಿವಾಟಿನ ಶೇ 1ರಿಂದ 2, ಅದು ಕೆಲಸಗಾರರಿಗೆ ಕೊಡುವ ಮೊತ್ತದ ಶೇ 5ನ್ನು ಮೀರಬಾರದು. ಕರ್ನಾಟಕದ 2025ರ ಕಾಯ್ದೆಯ ಸೂತ್ರ ಬೇರೆ: ಪ್ರತಿ ವ್ಯವಹಾರದಲ್ಲಿ ಕೆಲಸಗಾರನಿಗೆ ಸಲ್ಲುವ ಹಣದ ಮೇಲೆ ಶೇ 1ರಿಂದ 5. 200 ರೂಪಾಯಿ ಪಾವತಿಗೆ 2ರಿಂದ 10 ರೂಪಾಯಿ.

ಎರಡರಲ್ಲಿ ರಾಜ್ಯದ ಸೂತ್ರವೇ ಗಟ್ಟಿ. ವಹಿವಾಟು ಎಂದರೆ ಗ್ರಾಹಕ ಕೊಟ್ಟ ಪೂರ್ತಿ ಬಿಲ್ಲೋ, ಕಂಪನಿ ಹಿಡಿದುಕೊಂಡ ಕಮಿಷನ್ನೋ ಎಂಬುದು ಮುಗಿಯದ ವ್ಯಾಜ್ಯ. ಚಾಲಕನಿಂದ ದಿನದ ಬಾಡಿಗೆಯಷ್ಟೇ ಪಡೆಯುವ ಮಾದರಿಗೆ ಹೋದ ಆ್ಯಪ್‌ಗಳಲ್ಲಿ ಅದು ಇನ್ನೂ ಜಟಿಲ. ಪಾವತಿಯಾದರೋ ಪ್ರತಿ ಟ್ರಿಪ್ಪಿಗೂ ದಾಖಲಾಗುತ್ತದೆ, ಚಾಲಕನ ಫೋನಿನಲ್ಲೂ ಕಾಣುತ್ತದೆ. ಕರ್ನಾಟಕದ ಕಾಯ್ದೆಯಲ್ಲಿ ಒಪ್ಪಂದ ಬದಲಿಸಲು 14 ದಿನದ ಮುನ್ಸೂಚನೆ, ಐಡಿ ಬಂದ್ ಮಾಡಲು ಲಿಖಿತ ಕಾರಣ ಬೇಕು ಎಂದಿದೆ. ದುಡಿಯುವವರ ಪಾಲಿಗೆ ನಿಧಿಗಿಂತ ಇದು ಮೊದಲು ಬೇಕಾದದ್ದು. ರಾತ್ರೋರಾತ್ರಿ ಐಡಿ ಬಂದ್ ಆದರೆ ಬೈಕಿನ ಕಂತು ನಿಲ್ಲುವುದಿಲ್ಲ.

ಬಾಕಿ ವಸೂಲಿಯ ದಾರಿ

ವೇತನ ಸಂಹಿತೆಯಲ್ಲಿ ಕಾರ್ಮಿಕನಿಗೆ ಅನುಕೂಲವಾದ ಕೆಲವು ಕಲಮುಗಳಿಗೆ ತಲೆಎಣಿಕೆಯ ಗೆರೆಯೇ ಇಲ್ಲ, ಇವುಗಳ ಬಗ್ಗೆ ಮಾತು ಕಡಿಮೆ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಬರಬೇಕು. ರಾಜೀನಾಮೆ ಕೊಟ್ಟರೂ, ತೆಗೆದುಹಾಕಿದರೂ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ಎಲ್ಲ ಕಡಿತ ಸೇರಿ ವೇತನದ ಅರ್ಧ ಮೀರುವಂತಿಲ್ಲ. ಹಳೆಯ ವೇತನ ಪಾವತಿ ಕಾಯ್ದೆಯ ರಕ್ಷಣೆ ತಿಂಗಳಿಗೆ 24,000 ರೂಪಾಯಿವರೆಗಿನವರಿಗೆ ಮಾತ್ರ ಇತ್ತು, ಆ ಮಿತಿ ಹೋಗಿದೆ. ಹೀಗಾಗಿ ‘ಫುಲ್ ಆ್ಯಂಡ್ ಫೈನಲ್ (ಕೊನೆಯ ಲೆಕ್ಕ ಚುಕ್ತಾ) 45 ದಿನ ಬಿಟ್ಟು’ ಎಂಬ ಕಂಪನಿ ನಿಯಮ, ವೇತನದ ಮಟ್ಟಿಗೆ, ಮ್ಯಾನೇಜರ್‌ಗೂ ಅನ್ವಯಿಸುವಂತಿಲ್ಲ. ಗ್ರಾಚ್ಯುಟಿಗೆ ಮಾತ್ರ ಬೇರೆ ಗಡುವು, 30 ದಿನ.

ಗುತ್ತಿಗೆದಾರ ಸಂಬಳ ಕೊಡದೆ ಕೈಯೆತ್ತಿದರೆ, ಕೆಲಸ ನಡೆಯುವ ಸಂಸ್ಥೆಯ ಒಡೆತನ ಯಾರದೋ ಅವರೇ ಕೊಡಬೇಕು ಎಂದು 43ನೇ ಕಲಮು ಹೇಳುತ್ತದೆ. ಇದಕ್ಕೆ 50 ಜನರ ಗೆರೆ ಬೇಕಿಲ್ಲ. ಕ್ಲೇಮು ಹಾಕಲು ಈಗ ಮೂರು ವರ್ಷದವರೆಗೆ ಅವಕಾಶ. ನೌಕರನೇ ಹಾಕಬಹುದು, ಸಂಘವೂ ಹಾಕಬಹುದು. ಕ್ಲೇಮು ವಿಚಾರಿಸುವ ಪ್ರಾಧಿಕಾರ ಬಾಕಿಯ ಜೊತೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಬಹುದು. ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕನದು, ಕೊಟ್ಟಿಲ್ಲ ಎಂದು ಕಾರ್ಮಿಕ ಸಾಬೀತು ಮಾಡಬೇಕಿಲ್ಲ.

ಎಡವುವುದು ಇದಕ್ಕಿಂತ ಮೊದಲಿನ ಹಂತದಲ್ಲಿ, ಅಲ್ಲಿ ಕೆಲಸ ಮಾಡಿದ್ದೆ ಎಂದು ತೋರಿಸುವಲ್ಲಿ. ನೇಮಕ ಪತ್ರವಿಲ್ಲದವರು ಹಾಜರಾತಿ ಆ್ಯಪಿನ ಸ್ಕ್ರೀನ್‌ಶಾಟ್, ಗೇಟ್ ಪಾಸು, ಸೂಪರ್‌ವೈಸರ್ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ, ಬ್ಯಾಂಕಿಗೆ ಸಂಬಳ ಬಂದ ಸಾಲು, ಪಿಎಫ್ ಯುಎಎನ್ ಖಾತೆಯಲ್ಲಿ ಕಾಣುವ ಸಂಸ್ಥೆಯ ಹೆಸರು ಇವನ್ನು ಕೆಲಸದಲ್ಲಿರುವಾಗಲೇ ತೆಗೆದಿಟ್ಟುಕೊಳ್ಳಬೇಕು. ಕೆಲಸ ಬಿಟ್ಟ ದಿನವೇ ಆ್ಯಪಿನ ಲಾಗಿನ್ ಬಂದ್ ಆಗುತ್ತದೆ. ಹೊಸ ವ್ಯಾಖ್ಯೆಯ ಲಾಭ ಬೇಕಾದವರು 2025ರ ನವೆಂಬರ್‌ಗೆ ಹಿಂದಿನ ಒಂದು ಚೀಟಿ, ನಂತರದ ಒಂದು ಚೀಟಿ ಎರಡನ್ನೂ ಜೋಡಿಸಿ ನೋಡಿ, ಹೊರಗಿಟ್ಟ ಬಾಬತ್ತುಗಳನ್ನು ಕೂಡಿಸಿ, ಒಟ್ಟಿನ ಅರ್ಧಕ್ಕಿಂತ ಹೆಚ್ಚಿದೆಯೇ ಎಂದು ಲೆಕ್ಕ ಹಾಕಬೇಕು. ಹೆಚ್ಚಿದ್ದು ಪಿಎಫ್ ವಂತಿಗೆ 1,800ಕ್ಕಿಂತ ಕಡಿಮೆ ಇದ್ದರೆ ಎಚ್‌ಆರ್ ವಿಭಾಗಕ್ಕೆ ಬರೆಯುವ ಪತ್ರದಲ್ಲಿ ಈ ಎರಡು ಚೀಟಿಗಳ ಪ್ರತಿಯೇ ಮೊದಲ ಲಗತ್ತು.